ಕಾರ್ಡು ರದ್ದಾದಾಗ ಉಳಿದ ಹಣ ಯಾರ ಲೆಕ್ಕಕ್ಕೆ ಬೀಳುತ್ತದೆ?

ಓದುಗರ ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ರೆಡಿಮೇಡ್ ಬಟ್ಟೆ ಹೊಲಿಸುವ ಸಣ್ಣ ಘಟಕ ನಡೆಸುತ್ತೇನೆ. ಇಪ್ಪತ್ತರಷ್ಟು ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಹೆಚ್ಚಿನವರು ಕುಂದಗೋಳ, ಅಣ್ಣಿಗೇರಿ ಕಡೆಯವರು. ನಮ್ಮ ತೆರಿಗೆ ದುಡ್ಡೆಲ್ಲ ಬಿಟ್ಟಿ ಭಾಗ್ಯಗಳಿಗೆ ಹೋಗುತ್ತಿದೆ ಅಂತ ನಾನೂ ಹೇಳಿಕೊಂಡು ಬಂದವನೇ. ಕಳೆದ ವರ್ಷ ನಮ್ಮಲ್ಲಿ ಕೆಲಸ ಮಾಡುವ ಒಬ್ಬಾಕೆಯ ಬಿಪಿಎಲ್ ಕಾರ್ಡು ಎಪಿಎಲ್ ಆಯಿತು. ಆಕೆಯ ಗಂಡ ಸಾಲದ ಮೇಲೆ ಒಂದು ಲಗೇಜ್ ಗಾಡಿ ಓಡಿಸುತ್ತಾನೆ. ಸಾಲ ಸಿಗಲಿ ಅಂತ ಏಜೆಂಟ್ ಅವನ ಹೆಸರಲ್ಲಿ ಐಟಿ ರಿಟರ್ನ್ ಹಾಕಿಸಿದ್ದನಂತೆ. ತೆರಿಗೆ ಒಂದು ರೂಪಾಯಿಯೂ ಇರಲಿಲ್ಲ. ಮೂರು ತಿಂಗಳಲ್ಲಿ ಅವನಿಗೆ ಹೃದಯದ ತೊಂದರೆ ಬಂದು ಸ್ಟೆಂಟ್ ಹಾಕಬೇಕಾಯಿತು. ಎಪಿಎಲ್ ಕಾರ್ಡಿಗೆ ಸರ್ಕಾರದಿಂದ ಸಿಗುವುದು ಸ್ವಲ್ಪವೇ ಎಂದು ದವಾಖಾನೆಯಲ್ಲಿ ಹೇಳಿದರು. ಆಕೆ ಎರಡು ಫೈನಾನ್ಸ್‌ಗಳಲ್ಲಿ ಸೇರಿ ಒಂದು ಲಕ್ಷ ಸಾಲ ತೆಗೆದಳು, ನನ್ನಿಂದ 40 ಸಾವಿರ ಮುಂಗಡ ತೆಗೆದುಕೊಂಡಳು. ಈಗ ಕೆಲಸಕ್ಕೆ ಸರಿಯಾಗಿ ಬರುತ್ತಿಲ್ಲ. ಮಗಳು ಪಿಯುಸಿ ಬಿಟ್ಟು ಮನೆಯಲ್ಲಿದ್ದಾಳೆ. ಸರ್ಕಾರಕ್ಕೆ ಉಳಿತಾಯವಾಯಿತೋ ಏನೋ, ನನಗಂತೂ ಖರ್ಚಾಯಿತು. ಹಾಗಂತ ಎಲ್ಲರಿಗೂ ಕೊಡುತ್ತಾ ಹೋದರೆ ರಾಜ್ಯ ದಿವಾಳಿ ಆಗುವುದಿಲ್ಲವೇ? ಯಾವುದನ್ನು ಕಡಿಮೆ ಮಾಡಬಹುದು, ಯಾವುದನ್ನು ಮುಟ್ಟಬಾರದು? ಆಕೆಗೆ ಈಗ ಏನು ಮಾಡಬಹುದು?

ಉತ್ತರ: ಮೊದಲು ಆ ಹೆಣ್ಣುಮಗಳ ಕಾರ್ಡಿನ ವಿಷಯ ನೋಡೋಣ. ಅದು ತುರ್ತಿನದು.

ರಿಟರ್ನ್ ಹಾಕುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ನಿಯಮ ಹೊರಗಿಡುವುದು ಆದಾಯ ತೆರಿಗೆ ಕಟ್ಟುವವರನ್ನು. ಆದರೆ ಪ್ಯಾನ್ ಮತ್ತು ಆಧಾರ್ ಜೋಡಣೆಯಾದ ಮೇಲೆ, ಸುಮ್ನೆ ರಿಟರ್ನ್ ಹಾಕಿದವರ ಹೆಸರೂ ಪಟ್ಟಿಯೊಳಗೆ ಬಂದುಬಿಡುತ್ತದೆ. ಸಾಲಕ್ಕಾಗಿ ರಿಟರ್ನ್ ಹಾಕಿಸಿಕೊಂಡ ಸಣ್ಣ ಗಾಡಿಯವರು, ಕಿರಾಣಿ ಅಂಗಡಿಯವರು ಹೀಗೇ ಸಿಕ್ಕಿಬೀಳುತ್ತಾರೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಆಕೆಯ ಗಂಡನ ಖಾತೆಯಿಂದ 143(1) ಇಂಟಿಮೇಷನ್, ಅಂದರೆ ರಿಟರ್ನ್ ನೋಡಿದ ಮೇಲೆ ಇಲಾಖೆ ಕಳಿಸುವ ಪತ್ರ, ತೆಗೆಸಿ. ತೆರಿಗೆ ಸೊನ್ನೆ ಎಂದು ಅದರಲ್ಲಿ ಬರೆದಿರುತ್ತದೆ. ಅದನ್ನೂ ಆದಾಯ ಪ್ರಮಾಣಪತ್ರವನ್ನೂ ಲಗತ್ತಿಸಿ ಆಹಾರ ಇಲಾಖೆಗೆ ಅರ್ಜಿ ಕೊಡಲಿ. ಹೊಟ್ಟೆಪಾಡಿಗಾಗಿ ಸ್ವತಃ ಓಡಿಸುವ ಒಂದು ಬಾಡಿಗೆ ಗಾಡಿ ಇದ್ದರೆ ಅದು ಅಡ್ಡಿಯಲ್ಲ, ಅದನ್ನೂ ಅರ್ಜಿಯಲ್ಲಿ ಬರೆಯಲಿ. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಹೀಗೇ ಕಾರ್ಡುಗಳು ಬದಲಾಗಿ ಗದ್ದಲ ಎದ್ದಾಗ, ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ವಾಪಸ್ ಕೊಡುತ್ತೇವೆ ಎಂದು ಸರ್ಕಾರವೇ ಹೇಳಿತ್ತು. ಅರ್ಜಿಗೆ ಉತ್ತರ ಬರದಿದ್ದರೆ ಆಹಾರ ಭದ್ರತಾ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು ಕೊಡಬಹುದು. ಅಲ್ಲೂ ಆಗದಿದ್ದರೆ ರಾಜ್ಯ ಆಹಾರ ಆಯೋಗ ಇದೆ. ಎಲ್ಲಿ ಅರ್ಜಿ ಕೊಟ್ಟರೂ ಸ್ವೀಕೃತಿ ಚೀಟಿ ಕೈಯಲ್ಲಿ ಹಿಡಿದೇ ಬರಬೇಕು.

ಕಾರ್ಡು ವಾಪಸ್ ಬರಬಹುದು. ಸ್ಟೆಂಟಿಗೆ ಕೊಟ್ಟ ಹಣ ಮಾತ್ರ ವಾಪಸ್ ಬರುವ ಸಾಧ್ಯತೆ ತೀರಾ ಕಡಿಮೆ. ಸುಳ್ಳು ಆಸೆ ಹುಟ್ಟಿಸುವುದು ಬೇಡ.

ಈಗ ದೊಡ್ಡ ಪ್ರಶ್ನೆಗೆ ಬರೋಣ. ಯೋಜನೆ ಕಡಿಮೆ ಮಾಡಿದರೆ ಖರ್ಚು ನಿಜಕ್ಕೂ ಕಡಿಮೆಯಾಗುತ್ತದೆಯೇ ಎಂಬುದು ನಿಮ್ಮ ಅನುಮಾನ. ಮಾಡದಿದ್ದರೆ ಬೊಕ್ಕಸ ತಡೆಯುತ್ತದೆಯೇ ಎಂಬುದು ನಿಮ್ಮ ಭಯ. ಎರಡೂ ನ್ಯಾಯವಾದವೇ.

ನಾನು ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಪಂಚಾಯಿತಿಗಳಲ್ಲಿ ಸಾಮಾಜಿಕ ಲೆಕ್ಕಪರಿಶೋಧನೆಯ ಕೆಲಸ ಮಾಡಿದವನು. ಕಡತದಲ್ಲಿ ಬರೆದದ್ದು ಮನೆಗೆ ಮುಟ್ಟಿದೆಯೋ ಇಲ್ಲವೋ ಎಂದು ಓಣಿ ಓಣಿ ತಿರುಗಿ ನೋಡುವ ಕೆಲಸ ಅದು. ಅಲ್ಲಿ ಮತ್ತೆ ಮತ್ತೆ ಕಂಡದ್ದು ಒಂದೇ. ಸರ್ಕಾರ ಉಳಿಸಿದ ಹಣಕ್ಕೆ ಕಡತದಲ್ಲಿ ಜಾಗ ಇರುತ್ತದೆ. ಅದೇ ಖರ್ಚು ಮನೆಯವರ ತಲೆಯ ಮೇಲೆ ಬಿದ್ದಾಗ ಅದನ್ನು ಯಾರೂ ಎಲ್ಲಿಯೂ ಬರೆದಿಡುವುದಿಲ್ಲ.

ನಿಮ್ಮ ಕೆಲಸದಾಕೆಯ ಲೆಕ್ಕವನ್ನೇ ಹಾಕೋಣ. ಮನೆಯಲ್ಲಿ ಐದು ಜನ ಎಂದಿಟ್ಟುಕೊಳ್ಳಿ. ತಲೆಗೆ 10 ಕಿಲೋದಂತೆ 50 ಕಿಲೋ ಅಕ್ಕಿ. 2023ರಲ್ಲಿ ಸರ್ಕಾರ ಹೆಚ್ಚುವರಿ ಅಕ್ಕಿಯ ಬದಲು ಹಣ ಕೊಡುತ್ತಿದ್ದಾಗ ಕಿಲೋಗೆ 34 ರೂಪಾಯಿ ಹಿಡಿದಿತ್ತು. ಆ ದರದಲ್ಲಿ ಸರ್ಕಾರಕ್ಕೆ ತಿಂಗಳಿಗೆ 1,700 ರೂಪಾಯಿ ಉಳಿಯಿತು. ಇನ್ನು ಈ ಕಡೆ ನೋಡಿ. ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ರಕ್ಷಣೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ನೂರಕ್ಕೆ 30 ಮಾತ್ರ ಸರ್ಕಾರದ್ದು, ಉಳಿದ 70 ಮನೆಯವರದ್ದು. ಅಕ್ಕಿ ನಿಲ್ಲಿಸಲು ಹೋದವರ ಕೈ ಆಸ್ಪತ್ರೆಯ ಬಾಗಿಲನ್ನೂ ಮುಚ್ಚಿತು. ಮೈಕ್ರೋ ಫೈನಾನ್ಸ್ ಬಡ್ಡಿ ಸಾಮಾನ್ಯವಾಗಿ ವರ್ಷಕ್ಕೆ ನೂರಕ್ಕೆ 24ರ ಆಸುಪಾಸು. ಲಕ್ಷ ರೂಪಾಯಿಗೆ ಶುರುವಿನಲ್ಲಿ ತಿಂಗಳಿಗೆ ಎರಡು ಸಾವಿರದ ಹತ್ತಿರ ಬಡ್ಡಿಯೇ ಆಯಿತು. ಸರ್ಕಾರ ಉಳಿಸಿದ್ದಕ್ಕಿಂತ ಜಾಸ್ತಿ. ಇದರ ಮೇಲೆ ನಿಮ್ಮ ಮುಂಗಡ, ನಿಂತ ಹೊಲಿಗೆ, ಹುಡುಗಿಯ ಪಿಯುಸಿ. ಆ ಹುಡುಗಿ ಓದು ಬಿಟ್ಟದ್ದರ ನಷ್ಟ ಮುಂದಿನ ಮೂವತ್ತು ವರ್ಷದ ಗಳಿಕೆಯಲ್ಲಿ ಕಾಣುತ್ತದೆ. ಯಾವ ಬಜೆಟ್ ಪುಸ್ತಕದಲ್ಲೂ ಕಾಣುವುದಿಲ್ಲ.

ಹಾವೇರಿಯ ಹೆಣ್ಣುಮಕ್ಕಳು 2025ರ ಜನವರಿಯಲ್ಲಿ ಫೈನಾನ್ಸ್‌ನವರ ಕಿರುಕುಳ ತಾಳಲಾರದೆ ಮುಖ್ಯಮಂತ್ರಿಗೆ ಮಾಂಗಲ್ಯ ಕಳಿಸಿದ್ದು ನಿಮಗೆ ನೆನಪಿರಬೇಕು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ ತಡೆ ಹಾಕಿತು. ಒಳ್ಳೆಯದೇ. ಆದರೆ ಆ ಸಾಲ ಹುಟ್ಟುವುದು ಎಲ್ಲಿ? ನಾವು ಕೇಳಿದ ಮನೆಗಳಲ್ಲಿ ಕಾರಣಗಳು ಹೆಚ್ಚುಕಮ್ಮಿ ಒಂದೇ ಆಗಿದ್ದವು: ದವಾಖಾನೆ, ಮದುವೆ, ಹೋದ ಬೆಳೆ, ಹಳೆಯ ಕಂತು. ಸರ್ಕಾರದ ಕೈ ಹಿಂದೆ ಸರಿದ ಜಾಗಕ್ಕೆ ವಾರದ ಕಂತಿನವರು ಬಂದು ಕೂರುತ್ತಾರೆ.

"ಪುಕ್ಕಟೆ ಕೊಟ್ಟು ಜನರನ್ನು ಸೋಮಾರಿ ಮಾಡಿದರು, ಆಳು ಸಿಗುವುದಿಲ್ಲ" ಎಂಬ ಮಾತು ಅಮರಗೋಳ ಎಪಿಎಂಸಿಯಿಂದ ಬ್ಯಾಡಗಿ ಮಾರುಕಟ್ಟೆಯವರೆಗೆ ಎಲ್ಲ ಕಡೆ ಕೇಳುತ್ತದೆ. ಆಳು ಸಿಗದಿರುವುದು ನಿಜ. ಕಾರಣ ಮಾತ್ರ ಬೇರೆ. ಹತ್ತು ಕಿಲೋ ಅಕ್ಕಿ ತಿಂದು ಯಾರೂ ಮನೆಯಲ್ಲಿ ಕೂರಲು ಆಗುವುದಿಲ್ಲ. ಎಣ್ಣೆ, ಬೇಳೆ, ಬಾಡಿಗೆ, ಸಾಲಿ ಖರ್ಚು ಎಲ್ಲ ಹಾಗೇ ಇರುತ್ತವೆ. ಹೊಟ್ಟೆಗೆ ಅಕ್ಕಿ ಇದ್ದಾಗ ಜನ ತೀರಾ ಕಡಿಮೆ ಕೂಲಿಗೆ ಒಪ್ಪುವುದಿಲ್ಲ, ಅಷ್ಟೇ. ಅದು ಮಾಲೀಕರಿಗೆ ತುಟ್ಟಿ ಅನಿಸುತ್ತದೆ, ಒಪ್ಪುತ್ತೇನೆ. ಇನ್ನು ನಿಮ್ಮ ಘಟಕವನ್ನೇ ನೋಡಿ. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ಕುಂದಗೋಳದಿಂದ ದಿನಾ ಬಂದು ಹೋಗುವ ಬಸ್ ಚಾರ್ಜನ್ನು ಪಗಾರದಿಂದ ಕಳೆದರೆ ನಿಮ್ಮಲ್ಲಿ ಎಷ್ಟು ಜನ ಉಳಿಯುತ್ತಿದ್ದರು? ಅವರನ್ನೇ ಕೇಳಿ ನೋಡಿ.

ಉದ್ಯೋಗ ಖಾತ್ರಿ ಕೆಲಸದ ಮೇಲೂ ಇದೇ ದೂರು. ನಮ್ಮ ಕಡೆ ಬದು, ಕೃಷಿ ಹೊಂಡ, ಹೂಳು ತೆಗೆಯುವ ಕೆಲಸ ಜಾಸ್ತಿ ನಡೆಯುವುದು ಬೇಸಿಗೆಯಲ್ಲಿ. ಆಗ ಹೊಲದಲ್ಲಿ ಕೆಲಸವೇ ಇರುವುದಿಲ್ಲ. ಆ ಕೆಲಸ ಸಿಗದಿದ್ದರೆ ಮುಂಡರಗಿ, ಶಿರಹಟ್ಟಿ ಕಡೆಯ ತಾಂಡಾಗಳಿಂದ ಜನ ಗೋವಾಕ್ಕೂ ಮಂಗಳೂರಿಗೂ ಹೋಗುತ್ತಾರೆ. ಜೊತೆಗೆ ಮಕ್ಕಳೂ ಹೋಗುತ್ತವೆ. ಶಾಲೆಯ ಹಾಜರಿಯಲ್ಲಿ ಖಾಲಿ, ಅಂಗನವಾಡಿಯ ತೂಕದ ಪುಸ್ತಕದಲ್ಲಿ ಖಾಲಿ. ವಾಪಸ್ ಬಂದಾಗ ಮಗು ಎರಡು ತರಗತಿ ಹಿಂದೆ ಇರುತ್ತದೆ. ಅಂಥ ಮನೆಗಳಲ್ಲಿ ಅಜ್ಜ ಅಜ್ಜಿ ಮಾತ್ರ ಮಾತಿಗೆ ಸಿಗುತ್ತಿದ್ದರು.

ಇನ್ನು ನಕಲಿ ಫಲಾನುಭವಿಗಳ ಮಾತು. ನಕಲಿಗಳು ಇದ್ದಾರೆ. ಪಡಿತರದ ಅಕ್ಕಿ ಚೀಲ ಬದಲಾಗಿ ಮಾರಾಟವಾಗುವುದೂ ಇದೆ. ಆದರೆ ಜರಡಿ ಹಿಡಿದಾಗ ಕೆಳಗೆ ಬೀಳುವವರು ಅವರೇ ಎಂದು ನಂಬಬೇಡಿ. ಜಾರ್ಖಂಡದಲ್ಲಿ 2016ರಿಂದ 2018ರ ನಡುವೆ ರದ್ದಾದ ಕಾರ್ಡುಗಳನ್ನು ಸಂಶೋಧಕರು ಮನೆಮನೆಗೆ ಹೋಗಿ ಹುಡುಕಿದರು. ಹತ್ತರಲ್ಲಿ ಒಂಬತ್ತರ ಹತ್ತಿರ ನಿಜವಾದ ಕುಟುಂಬಗಳೇ ಆಗಿದ್ದವು. ಕಾರಣ ಸರಳ. ನಕಲಿ ಕಾರ್ಡು ಮಾಡಿಸಿದವನಿಗೆ ಕಚೇರಿ ಗೊತ್ತು, ಏಜೆಂಟ್ ಗೊತ್ತು, ಕಾಗದಪತ್ರ ಪಕ್ಕಾ ಇರುತ್ತವೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ಬೆರಳಚ್ಚು ಸವೆದುಹೋದ ಮುದುಕಿಗೆ ಇವು ಯಾವುವೂ ಇರುವುದಿಲ್ಲ. ಅಮೆರಿಕದ ಆರ್ಕನ್ಸಾ ರಾಜ್ಯ 2018ರಲ್ಲಿ ಬಡವರ ಆರೋಗ್ಯ ವಿಮೆಗೆ ತಿಂಗಳಿಗೆ 80 ಗಂಟೆ ದುಡಿದ ಲೆಕ್ಕ ತೋರಿಸಬೇಕು ಎಂದು ಷರತ್ತು ಹಾಕಿತು. ಕೆಲವೇ ತಿಂಗಳಲ್ಲಿ 18 ಸಾವಿರಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. ಕೆಲಸ ಮಾಡುವವರ ಪ್ರಮಾಣ ಏರಲಿಲ್ಲ. ಕಾಗದದ ಗೋಡೆ ಎಲ್ಲ ದೇಶದಲ್ಲೂ ದುರ್ಬಲರನ್ನೇ ಮೊದಲು ತಡೆಯುತ್ತದೆ.

ಕಡಿತ ಎಂದರೆ ಯೋಜನೆ ನಿಲ್ಲಿಸುವುದು ಎಂದಷ್ಟೇ ನಾವು ಅಂದುಕೊಳ್ಳುತ್ತೇವೆ. ಹೆಚ್ಚಿನ ಕಡಿತ ಸದ್ದಿಲ್ಲದೆ ನಡೆಯುತ್ತದೆ. ಇದರ ಬಗ್ಗೆ ನನಗೆ ಹೆಚ್ಚು ಸಂಕಟ.

ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ 80 ವರ್ಷದೊಳಗಿನ ವೃದ್ಧರಿಗೆ ಕೇಂದ್ರದ ಪಾಲು 200 ರೂಪಾಯಿ. 2007ರಲ್ಲೂ ಅಷ್ಟೇ ಇತ್ತು, ಇವತ್ತೂ ಅಷ್ಟೇ. ಬಿಸಿಯೂಟ ಮಾಡುವ ತಾಯಂದಿರ ಗೌರವಧನವನ್ನು ಕೇಂದ್ರದ ಯೋಜನೆ 2009ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಿತು. ಅದೂ ಅಲ್ಲೇ ನಿಂತಿದೆ. ರಾಜ್ಯ ತನ್ನ ಕಡೆಯಿಂದ ಸೇರಿಸಿ ಕೊಡುತ್ತಿರುವುದರಿಂದ ಅವರು ಉಸಿರಾಡುತ್ತಿದ್ದಾರೆ. ಯಾರೂ ಕಡಿತ ಎಂದು ಘೋಷಿಸಲಿಲ್ಲ, ಯಾರೂ ಧರಣಿ ಕೂರಲಿಲ್ಲ. ಬೆಲೆ ಏರಿತು, ಹಣ ನಿಂತಲ್ಲೇ ನಿಂತಿತು.

ತಡ ಮಾಡುವುದೂ ಕಡಿತವೇ. ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಕೂಲಿ 15 ದಿನದೊಳಗೆ ಕೊಡಬೇಕು ಎಂದಿತ್ತು. ತಿಂಗಳುಗಟ್ಟಲೆ ಬಾರದ ಕೂಲಿಯನ್ನು ನಂಬಿ ಯಾರು ಮತ್ತೆ ಬುಟ್ಟಿ ಹೊರಲು ಬರುತ್ತಾರೆ? ಆಮೇಲೆ "ಜನರಿಂದ ಬೇಡಿಕೆಯೇ ಇಲ್ಲ" ಎಂದು ವರದಿ ಹೋಗುತ್ತದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಜಾಗಕ್ಕೆ ಹೊಸ ಕಾನೂನು ತಂದಿತು. ಕಾಗದದ ಮೇಲೆ 100 ದಿನ 125 ಆಗಿದೆ. ಆದರೆ ನಮ್ಮಂಥ ರಾಜ್ಯಗಳು ನೂರಕ್ಕೆ 40 ಪಾಲು ಹಾಕಬೇಕು. ರಾಜ್ಯದ ಕೈ ಬಿಗಿಯಾದ ವರ್ಷ ಕೆಲಸ ತೆರೆಯುತ್ತಾರೋ ಇಲ್ಲವೋ, ಅದನ್ನು ನೋಡಬೇಕು.

ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡುವುದಕ್ಕೂ ಬೆಲೆ ಇದೆ. ಸಹಕಾರ ಸಂಘಗಳ ಸದಸ್ಯ ರೈತರಿಗೆ ಯಶಸ್ವಿನಿ ಎಂಬ ಚಿಕಿತ್ಸಾ ಯೋಜನೆ 2003ರಿಂದ ನಡೆದಿತ್ತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿ ನಿಲ್ಲಿಸಿದರು. ರೈತರ ಒತ್ತಾಯಕ್ಕೆ ಮಣಿದು 2023ರ ಜನವರಿಯಿಂದ ಮತ್ತೆ ತಂದರು. ನಡುವಿನ ವರ್ಷಗಳಲ್ಲಿ ಬಿಪಿಎಲ್ ಕಾರ್ಡು ಇಲ್ಲದ ನಾಲ್ಕೈದು ಎಕರೆ ಹಿಡುವಳಿಯವರಿಗೆ ಆಪರೇಷನ್ ಎಂದರೆ ಹೊಲ ಅಡವು. ಅದರ ನಡುವೆಯೇ ಕೊರೋನಾ ಬಂದುಹೋಯಿತು. ಮರಳಿ ಶುರುಮಾಡುವಾಗ ಸದಸ್ಯರ ನೋಂದಣಿ, ಆಸ್ಪತ್ರೆಗಳ ಜೊತೆ ಒಪ್ಪಂದ ಎಲ್ಲವೂ ಮೊದಲಿನಿಂದ.

ಮಕ್ಕಳ ಊಟದ ವಿಷಯದಲ್ಲಿ ಲೆಕ್ಕ ಇನ್ನೂ ದೂರ ಹೋಗುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ. ದೇಶದ ಬಿಸಿಯೂಟದ ಬಗ್ಗೆ 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನ ಮನಸ್ಸಿನಲ್ಲಿ ಕೂತಿದೆ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಉಂಡ ಹುಡುಗಿಯರು ಮುಂದೆ ತಾಯಂದಿರಾದಾಗ, ಅವರ ಮಕ್ಕಳ ಎತ್ತರ ಚೆನ್ನಾಗಿತ್ತು. ಇವತ್ತು ನವಲಗುಂದದ ಒಂದು ಶಾಲೆಯಲ್ಲಿ ಮೊಟ್ಟೆ ನಿಂತರೆ ಅದರ ಪೆಟ್ಟು ಇನ್ನೂ ಹುಟ್ಟದ ಮಗುವಿನವರೆಗೆ ಹೋಗುತ್ತದೆ ಎಂದಾಯಿತು. ಉಳಿಯುವುದು ಎಷ್ಟು? ಒಂದು ಮೊಟ್ಟೆಗೆ ಆರೇಳು ರೂಪಾಯಿ.

ನಿಮ್ಮ ಭಯದ ಕಡೆಗೂ ನ್ಯಾಯವಾಗಿ ನೋಡಬೇಕು. 2025-26ರ ರಾಜ್ಯ ಬಜೆಟ್ ಸುಮಾರು 4.09 ಲಕ್ಷ ಕೋಟಿ. ಐದು ಗ್ಯಾರಂಟಿಗಳಿಗೆ ಇಟ್ಟದ್ದು 51 ಸಾವಿರ ಕೋಟಿಯ ಹತ್ತಿರ. ಎಂಟರಲ್ಲಿ ಒಂದು ಪಾಲು. ಇದು ಸಣ್ಣ ಮೊತ್ತವಲ್ಲ. ರಸ್ತೆ, ನೀರಾವರಿ, ಗುತ್ತಿಗೆದಾರರ ಬಿಲ್ಲು, ಸಾರಿಗೆ ನಿಗಮಗಳ ಬಾಕಿ ಎಲ್ಲದರ ಮೇಲೆ ಒತ್ತಡ ಬಿದ್ದಿದೆ. ನಿಮ್ಮ ಗೋಕುಲ ರಸ್ತೆಯಲ್ಲೇ ಕಚೇರಿ ಇರುವ ವಾಯವ್ಯ ಸಾರಿಗೆ ನಿಗಮಕ್ಕೆ ಹಣ ಸಮಯಕ್ಕೆ ಬರದಿದ್ದರೆ ಹಳೆಯ ಬಸ್ಸೇ ಓಡುತ್ತದೆ. ಟಿಕೆಟ್ ಪುಕ್ಕಟೆ, ಬಸ್ಸೇ ಇಲ್ಲ ಎಂದಾದರೆ ಅದೂ ಮೋಸವೇ. ಹಾಗಾಗಿ ಯಾವುದನ್ನೂ ಮುಟ್ಟಬೇಡಿ ಎಂದು ನಾನು ಹೇಳುವುದಿಲ್ಲ.

ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕತ್ತರಿಸುವುದು ಅಧಿಕಾರಿಗಳಿಗೆ ಸುಲಭ. ಅದೇ ಎಲ್ಲಕ್ಕಿಂತ ಕೆಟ್ಟ ದಾರಿ. ಹತ್ತರಲ್ಲಿ ಒಂದು ಪಾಲು ಕಡಿತವನ್ನು ವಿಧವೆಯ 800 ರೂಪಾಯಿ ಪಿಂಚಣಿಗೂ ಎರಡು ಮಹಡಿ ಮನೆಯ ವಿದ್ಯುತ್ ಬಿಲ್ಲಿಗೂ ಒಂದೇ ಸಮ ಹಾಕಿದರೆ ನೋವು ಒಂದೇ ಸಮ ಆಗುತ್ತದೆಯೇ?

ಅನರ್ಹರನ್ನು ತೆಗೆಯುವುದು ಎರಡನೇ ದಾರಿ. ಮಾಡಬಹುದು, ಆದರೆ ಕ್ರಮ ತಿರುಗಬೇಕು. ಮೊದಲು ನೋಟಿಸ್, ಆಮೇಲೆ ಗ್ರಾಮಸಭೆಯಲ್ಲೋ ವಾರ್ಡಿನಲ್ಲೋ ಹೆಸರು ಓದುವುದು, ಕೊನೆಗೆ ರದ್ದು. ಈಗ ಮೊದಲು ರದ್ದಾಗುತ್ತದೆ, ಅಂಗಡಿಯ ಮುಂದೆ ನಿಂತಾಗ ಗೊತ್ತಾಗುತ್ತದೆ. ವಿಚಾರಣೆ ಮುಗಿಯುವವರೆಗೆ ಆಸ್ಪತ್ರೆಯ ಸೌಲಭ್ಯ ಮುಟ್ಟಬಾರದು. ಇಷ್ಟು ಮಾಡಿದರೂ ತಪ್ಪು ಪೂರ್ತಿ ನಿಲ್ಲುವುದಿಲ್ಲ, ಖರ್ಚೂ ಬರುತ್ತದೆ.

ಅಕ್ಕಿಯ ಬದಲು ಹಣ ಎಂಬುದನ್ನು ನಾವು ನೋಡಿಯಾಗಿದೆ. ತಲೆಗೆ 170 ರೂಪಾಯಿ ಬರುತ್ತಿತ್ತು. ಅಂಗಡಿಯಲ್ಲಿ ಅಕ್ಕಿ ತುಟ್ಟಿಯಾದರೂ ಅದು 170ರಲ್ಲೇ ಇತ್ತು. 2025ರ ಫೆಬ್ರುವರಿಯಿಂದ ಅಕ್ಕಿಯೇ ವಾಪಸ್ ಬಂತು. ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆ ಇರುವ ಕಿಟ್ ಕೊಡಲು ಅದೇ ಅಕ್ಟೋಬರ್‌ನಲ್ಲಿ ಸಂಪುಟ ಒಪ್ಪಿತು. ಜೋಳ ತಿನ್ನುವ ನಮ್ಮ ಕಡೆ ಹೆಚ್ಚಾದ ಅಕ್ಕಿ ಮಾರಾಟವಾಗುವುದು ಇದರಿಂದ ತಗ್ಗಬಹುದು. ಬೇಳೆಯ ಗುಣಮಟ್ಟ ಮತ್ತು ಟೆಂಡರ್ ಇಲ್ಲಿನ ಅಪಾಯ.

ಮೇಲಿನವರಿಂದ ಕಡಿಮೆ ಮಾಡುವುದೇ ನನಗೆ ಸರಿ ಕಾಣುವ ದಾರಿ. ಉಚಿತ ವಿದ್ಯುತ್ತನ್ನು ದೊಡ್ಡ ಮನೆಗಳಿಂದ ತೆಗೆಯಬಹುದು. ಗೃಹಲಕ್ಷ್ಮಿಯನ್ನು ಸ್ಥಿತಿವಂತರ ಮನೆಗಳಲ್ಲಿ ನಿಲ್ಲಿಸಬಹುದು. ಅಲ್ಲಿ ತಪ್ಪಾದರೂ ಯಾರೂ ಉಪವಾಸ ಬೀಳುವುದಿಲ್ಲ. ಆದರೆ ಇದರಲ್ಲೂ ಅಪಾಯ ಇದೆ. ಬಡವರಿಗೆ ಮಾತ್ರ ಎಂದ ಯೋಜನೆಗೆ ಮಾತಾಡುವವರು ಇರುವುದಿಲ್ಲ. 1997ರಲ್ಲಿ ದೇಶದ ಪಡಿತರವನ್ನು ಎಪಿಎಲ್, ಬಿಪಿಎಲ್ ಎಂದು ಒಡೆದ ಮೇಲೆ ಎಷ್ಟೋ ಬಡವರೇ ಹೊರಗೆ ಬಿದ್ದರು. ಎಲ್ಲರಿಗೂ ಎಂದು ಉಳಿಸಿಕೊಂಡ ತಮಿಳುನಾಡಿನಲ್ಲಿ ಅಂಗಡಿಗಳು ಚೆನ್ನಾಗಿ ನಡೆದವು. ಆದ್ದರಿಂದ ಅಂಗನವಾಡಿ, ಶಾಲೆಯ ಊಟ, ಮೊಟ್ಟೆ, ಹಾಲು ಎಲ್ಲ ಮಕ್ಕಳಿಗೂ ಇರಲಿ. ವೃದ್ಧರ, ವಿಧವೆಯರ ಪಿಂಚಣಿ, ಬೇಸಿಗೆಯ ಕೆಲಸ, ಚಿಕಿತ್ಸೆಯ ಕಾರ್ಡು ಇವನ್ನು ಕೊನೆಯವರೆಗೂ ಮುಟ್ಟಬಾರದು.

ಆದಾಯದ ಕಡೆಯೂ ನೋಡಬೇಕಲ್ವಾ? 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಕಂಪನಿ ತೆರಿಗೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ಬಿಟ್ಟುಕೊಡುತ್ತಿದ್ದೇವೆ ಎಂದು ಸರ್ಕಾರವೇ ಹೇಳಿತ್ತು. ಅದನ್ನು ಯಾರೂ ಬಿಟ್ಟಿ ಭಾಗ್ಯ ಎನ್ನಲಿಲ್ಲ.

ಕೊನೆಗೆ ನಿಮ್ಮ ಕೈಯಲ್ಲೇ ಇರುವ ಒಂದು ಕೆಲಸ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಘಟಕ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಗೆ ಬರುತ್ತದೆ. ತಿಂಗಳಿಗೆ 21 ಸಾವಿರದವರೆಗೆ ಪಗಾರ ಇರುವವರೆಲ್ಲ ಅದರೊಳಗೆ. ಮಾಲೀಕರ ಪಾಲು ನೂರಕ್ಕೆ 3.25, ಕೆಲಸದವರ ಪಾಲು 0.75. ಅದರಲ್ಲಿ ಗಂಡ, ಮಕ್ಕಳ ಚಿಕಿತ್ಸೆಯೂ ಸೇರಿದೆ. ನೀವು ಬರೆದದ್ದರಲ್ಲಿ ಇಎಸ್‌ಐ ಹೆಸರೇ ಇಲ್ಲ. ಬಹುಶಃ ನೋಂದಣಿ ಆಗಿಲ್ಲ. ಆಗಿದ್ದಿದ್ದರೆ ಕಾರ್ಡು ಹೋದ ಮೇಲೂ ಆ ಮನೆಗೆ ಇನ್ನೊಂದು ಬಾಗಿಲು ತೆರೆದಿರುತ್ತಿತ್ತು. ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತದೆ. ಈ ತಿಂಗಳೇ ಮಾಡಿಸಿ. ಆಕೆಗೆ ಕೊಟ್ಟ 40 ಸಾವಿರವನ್ನು ಸಣ್ಣ ಸಣ್ಣ ಕಂತಿನಲ್ಲಿ ಮುರಿದುಕೊಳ್ಳಿ. ಹುಡುಗಿ ಮುಂದಿನ ಜೂನ್‌ನಲ್ಲಿ ಮತ್ತೆ ಪಿಯುಸಿಗೆ ಸೇರಬಹುದೇ ಎಂದು ಆಕೆಯ ಕಾಲೇಜಿನಲ್ಲಿ ಈಗಲೇ ವಿಚಾರಿಸಿ.